ಆ ರಾತ್ರಿಯ ಗೊರಕೆ

ಲಾಕಪ್ಪಿನ ಒಳಗಿಂದ ತಮ್ಮನ ಗೊರಕೆ ಕೇಳಿದಾಗ ನನಗೆ ಸಮಾಧಾನವಾಗಿತ್ತು. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ನಿಜ.

ಹೆರಾಯಿನ್ ಚಟ ಹತ್ತಿ ನಾಲ್ಕು ವರ್ಷವಾಗಿತ್ತು. ಎರಡು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು, ಮೈಕೈ ತುಂಬಿಕೊಂಡು ಬಂದಿದ್ದ. ಒಂಬತ್ತನೇ ದಿನ ಮತ್ತೆ ಸೂಜಿ ಚುಚ್ಚಿಕೊಂಡ. ಕೆಲಕಾಲ ಬಿಟ್ಟಿದ್ದವರ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವುದಿಲ್ಲವೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ರಸ್ತೆಯಲ್ಲಿ ತೂರಾಡುತ್ತಿದ್ದವನನ್ನು ಪೊಲೀಸರು ಎತ್ತಿಕೊಂಡು ಹೋದರು.

ರಾತ್ರಿ ಹನ್ನೊಂದಕ್ಕೆ ಠಾಣೆಗೆ ಹೋದೆ. "ಸಾರ್, ಒಂದ್ಸಲ ಡಾಕ್ಟರಿಗೆ ತೋರಿಸಿ" ಎಂದೆ. "ಮಲಗಿದಾನಲ್ರೀ, ಕೇಳಿಸ್ತಿಲ್ವಾ? ಅಮಲು ಇಳೀಲಿ, ಬೆಳಿಗ್ಗೆ ಬನ್ನಿ." ನಂಬಿ ಮನೆಗೆ ಹೋದೆ. ಅಮ್ಮನಿಗೂ ಅದನ್ನೇ ಹೇಳಿ ಮಲಗಿಸಿದೆ. ಐದೂವರೆಗೆ ಫೋನ್ ಬಂತು.

ಅದು ನಿದ್ದೆಯ ಗೊರಕೆಯಲ್ಲವೆಂದು ಆಮೇಲೆ ವೈದ್ಯರೊಬ್ಬರು ಬಿಡಿಸಿ ಹೇಳಿದರು. ಹೆರಾಯಿನ್ ಅತಿಯಾದರೆ ಉಸಿರಾಡು ಎಂಬ ಮಿದುಳಿನ ಸೂಚನೆಯೇ ಮಂಕಾಗುತ್ತದೆ. ಗಂಟಲು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ, ಗಾಳಿಯ ದಾರಿ ಅರ್ಧ ಮುಚ್ಚುತ್ತದೆ. ಹೊರಗೆ ಕೇಳುವುದು ಆ ಗೊರಗೊರ. ಆಗ ಅಲುಗಾಡಿಸಿ ಎಬ್ಬಿಸಲು ನೋಡಬೇಕು, ಏಳದಿದ್ದರೆ ಆಂಬುಲೆನ್ಸ್ ಕರೆಯಬೇಕು. ನಲೋಕ್ಸೋನ್ ಎಂಬ ಔಷಧ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುವುದುಂಟು. ಇಂಗ್ಲೆಂಡ್‌ನ ಪೊಲೀಸ್ ನಿಯಮಾವಳಿಯಲ್ಲಿ ಅಮಲೇರಿದ ಬಂಧಿತರನ್ನು ಕನಿಷ್ಠ 30 ನಿಮಿಷಕ್ಕೊಮ್ಮೆ ನೋಡಿ, ಎಬ್ಬಿಸಿ, ಪ್ರಶ್ನೆ ಕೇಳಿ ಉತ್ತರ ಪಡೆಯಬೇಕೆಂದೇ ಇದೆ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ.

"ಚಟದವನು, ಇವತ್ತಲ್ಲ ನಾಳೆ ಹೋಗ್ತಿದ್ದ" ಎಂದರು ಕೆಲವರು, ನಮ್ಮ ಬಂಧುಗಳೂ ಸೇರಿ. ಸೂಜಿ ಚುಚ್ಚಿಕೊಂಡವನು ಅವನೇ, ಒಪ್ಪುತ್ತೇನೆ. ಆದರೆ ಮನೆಯಲ್ಲಿದ್ದಿದ್ದರೆ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಬೀಗ ಹಾಕಿ ನನ್ನನ್ನು ಹೊರಗೆ ಕಳಿಸಿದವರೇ ಆ ಜಾಗದಲ್ಲಿ ಕೂರಬೇಕಿತ್ತು. ವಶದಲ್ಲಿರುವವರ ಆರೋಗ್ಯ ಕಾಯುವುದು, ಬೇಕಾದಾಗ ತಕ್ಷಣ ಚಿಕಿತ್ಸೆ ಕೊಡಿಸುವುದು ಪೊಲೀಸರ ಹೊಣೆಯೆಂದು ವಿಶ್ವಸಂಸ್ಥೆ 1979ರಲ್ಲೇ ನೀತಿಸಂಹಿತೆಯಲ್ಲಿ ಬರೆದಿಟ್ಟಿದೆ. ಚಟವಿದ್ದವರನ್ನು ಬಿಟ್ಟು ಎಂದು ಅದರಲ್ಲಿಲ್ಲ.

ಎಷ್ಟೋ ತಿಂಗಳು ಅಲೆದ ಮೇಲೆ ಠಾಣೆಯ ರಿಜಿಸ್ಟರಿನ ಪ್ರತಿ ಕೈಗೆ ಬಂತು. ಹನ್ನೆರಡು ಗಂಟೆ: ಮಲಗಿದ್ದಾನೆ. ಒಂದು: ಮಲಗಿದ್ದಾನೆ. ಎರಡು, ಮೂರು, ನಾಲ್ಕು: ಮಲಗಿದ್ದಾನೆ. ಎಲ್ಲವೂ ಒಂದೇ ಕೈಬರಹ. ಎಬ್ಬಿಸಿದೆ ಎಂದು ಎಲ್ಲಾದರೂ ಇದೆಯೇನೋ ಎಂದು ಈಗಲೂ ತೆಗೆದು ನೋಡುತ್ತೇನೆ.