ಅಪ್ಪನ ಭುಜ, ನನ್ನ ಎಂಪಿಟಿ

ಹೋದ ವರ್ಷ ಎಂಪಿಟಿ, ಅಂದರೆ ಫಿಸಿಯೋಥೆರಪಿ ಸ್ನಾತಕೋತ್ತರ ಪದವಿಯ ಪ್ರವೇಶ ಪರೀಕ್ಷೆ ಬರೆದು ಹೊರಗೆ ಬಂದಾಗಲೇ ಈ ಸಲ ಸೀಟು ಇಲ್ಲ ಅನ್ನುವುದು ಗೊತ್ತಾಗಿತ್ತು. ಒಂದು ಪ್ರಶ್ನೆ ಮಾತ್ರ ಹಾಸನದವರೆಗೂ ಬಸ್ಸಿನಲ್ಲಿ ಕಾಡಿತು. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ನೋವಾಗಿ ಬಿಗಿದುಕೊಳ್ಳುವ ತೊಂದರೆ, ಆದವರಿಗೆ ಯಾವ ಚಲನೆ ಎಲ್ಲಕ್ಕಿಂತ ಹೆಚ್ಚು ಬಿಗಿಯುತ್ತದೆ? ನಾನು ಅಬ್ಡಕ್ಷನ್, ಅಂದರೆ ತೋಳನ್ನು ಪಕ್ಕಕ್ಕೆ ಎತ್ತುವುದು, ಅಂತ ಗುರುತು ಹಾಕಿದ್ದೆ. ಕ್ಲಿನಿಕ್ಕಿಗೆ ಬರುವವರೆಲ್ಲ "ಕೈ ಮೇಲೆತ್ತೋಕಾಗಲ್ಲ ಮೇಡಂ" ಅಂತಾನೇ ಅಲ್ವಾ ಹೇಳುವುದು? ಸರಿ ಉತ್ತರ ಎಕ್ಸ್‌ಟರ್ನಲ್ ರೊಟೇಶನ್, ಅಂದರೆ ತೋಳನ್ನು ಹೊರಕ್ಕೆ ತಿರುಗಿಸುವುದು. ಆಮೇಲೆ ಅಬ್ಡಕ್ಷನ್, ಕೊನೆಗೆ ಇಂಟರ್ನಲ್ ರೊಟೇಶನ್, ಒಳಕ್ಕೆ ತಿರುಗಿಸುವುದು. ಬಿಪಿಟಿ ಪದವಿಯ 4 ವರ್ಷ, ಇಂಟರ್ನ್‌ಶಿಪ್ಪಿನ 6 ತಿಂಗಳು, ಇದನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದೆನೋ.

ಆ ಭಾನುವಾರ ಊರಿಗೆ ಹೋದೆ. ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವವರು. ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತಿದ್ದರು. ಎಡಗೈಯನ್ನು ಮೊದಲು ಮೆಲ್ಲಗೆ ತೂರಿಸಿ, ಉಳಿದ ಅಂಗಿಯನ್ನು ಬಲಗೈಯಲ್ಲಿ ಹಿಂದಿನಿಂದ ಎಳೆದುಕೊಂಡರು. ನನಗೆ ತಿಂಡಿ ಗಂಟಲಲ್ಲೇ ನಿಂತಿತು.

"ಯಾವಾಗಿಂದ ಹೀಗೆ ಅಪ್ಪ?"

"ಕೊಯ್ಲಿನ ಟೈಮಲ್ಲಿ ಶುರುವಾಯ್ತು ಪುಟ್ಟಿ. ಅದಾಗೇ ಹೋಗುತ್ತೆ ಬಿಡು."

ಅಪ್ಪನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಶುಗರ್ ಇರುವವರಿಗೆ ಫ್ರೋಜನ್ ಶೋಲ್ಡರ್ ಬರುವುದು ಜಾಸ್ತಿ. ಅದಾಗೇ ಹೋಗುವುದೂ ಉಂಟು, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಮಗಳು ಫಿಸಿಯೋ, ಅಪ್ಪ ಮನೆಯಲ್ಲಿ ಭುಜ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಾರೆ!

ಬ್ಯಾಗಿನಿಂದ ಗೋನಿಯೋಮೀಟರ್, ಕೀಲು ಎಷ್ಟು ಡಿಗ್ರಿ ತಿರುಗುತ್ತದೆ ಅಂತ ಅಳೆಯುವ ಸಾಧನ, ತೆಗೆದೆ. ತೋಳು ಹೊರಕ್ಕೆ ತಿರುಗುವುದನ್ನು ಪುಸ್ತಕದ ಪ್ರಕಾರ ಮಲಗಿಸಿ, ತೋಳನ್ನು 90 ಡಿಗ್ರಿ ಪಕ್ಕಕ್ಕೆ ಚಾಚಿಸಿ ಅಳೆಯಬೇಕು. ಅಪ್ಪನ ತೋಳು 70ಕ್ಕೇ ನಿಂತಿತು. ಅಲ್ಲಿಂದ ಮುಂದೆ ಏರಿದ್ದು ತೋಳಲ್ಲ, ಹೆಗಲು, ಕಿವಿಯವರೆಗೂ ಹೋಯಿತು. "ನೋಡು, ಎತ್ತಿದೆ" ಅಂದರು. ಹೆಗಲು ಅದುಮಿ ಹಿಡಿದೆ, ಆಟ ಬಂದ್ ಆಯಿತು. ಕೊನೆಗೆ ಕೂರಿಸಿ, ಮೊಣಕೈ ಪಕ್ಕೆಗೆ ತಾಗಿಸಿ, ಮುಂಗೈ ಹೊರಕ್ಕೆ ತಿರುಗಿಸಲು ಹೇಳಿದೆ. 15 ಡಿಗ್ರಿ. ಬಲಗೈ ಸರಾಗವಾಗಿ 60 ಹೋಯಿತು. ನಾನು ತಪ್ಪಿಸಿಕೊಂಡ ಉತ್ತರ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿತ್ತು.

ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ, ಬೇರೇನೂ ಇಲ್ಲ ಅಂತ ನೋಡಿಕೊಂಡು ವ್ಯಾಯಾಮ ಶುರು ಮಾಡಿಸಿದೆ. ಮುಂದಕ್ಕೆ ಬಾಗಿ, ಕೈ ಇಳಿಬಿಟ್ಟು ಲೋಲಕದ ಹಾಗೆ ತೂಗುವುದು. ಗೋಡೆಯ ಮೇಲೆ ಬೆರಳು ನಡೆಸುವುದು. ಹೊರಕ್ಕೆ ತಿರುಗಿಸಲು ಕೋಲು ಬೇಕು. ಮಲೆನಾಡಿನ ಮನೆಯಲ್ಲಿ ಉದ್ದ ಕೊಡೆಗೆ ಬರವೇ? ಎರಡೂ ಕೈಯಲ್ಲಿ ಕೊಡೆ ಹಿಡಿದು ಬಲಗೈಯಿಂದ ಎಡಗೈಯನ್ನು ತಳ್ಳಬೇಕು. ಮೊಣಕೈ ಜಾರಬಾರದು ಅಂತ ಪಕ್ಕೆಗೆ ಒಂದು ಟವೆಲ್ ಸುರುಳಿ.

ಈ ವರ್ಷದ ಓದು ಅಲ್ಲಿಂದ ಬದಲಾಯಿತು. ಕ್ಲಿನಿಕ್ ಮುಗಿಯುವುದು ಸಂಜೆ ಆರಕ್ಕೆ. ರೂಮಿಗೆ ಬಂದು ಎಂಟರಿಂದ ಹನ್ನೊಂದು ಓದುತ್ತೇನೆ, ಆದರೆ ಪ್ರತಿ ಪಾಠಕ್ಕೂ ಒಬ್ಬ ಮನುಷ್ಯ ಬೇಕು. ನಡಿಗೆಯಲ್ಲಿ ಒಂದು ಕಾಲು ನೆಲದ ಮೇಲಿರುವುದು ನೂರರಲ್ಲಿ ಸುಮಾರು 60 ಭಾಗ ಹೊತ್ತು, ಗಾಳಿಯಲ್ಲಿ 40. ಹಾಸನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕುಂಟುವವರ ಲೆಕ್ಕ ಹಾಕುತ್ತೇನೆ. ಜನ ನನ್ನನ್ನು ಏನಂದುಕೊಳ್ಳುತ್ತಾರೋ! ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲ, ಬ್ರೇಕಿಯಲ್ ಪ್ಲೆಕ್ಸಸ್, ಮಾತ್ರ ಈಗಲೂ ಸುಮ್ನೆ ಬಾಯಿಪಾಠವೇ.

ನಡುವೆ ಕಾಗದಪತ್ರದ ಓಡಾಟದಲ್ಲಿ ಎರಡು ವಾರ ಓದೇ ಇಲ್ಲ. ಒಂದು ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿ, ಒಂದು ಕಚೇರಿಗೆ ಮೂರು ಸಲ ಅಲೆದೆ. ಮೂರನೇ ಸಲ ಅವರು ಅಫಿಡವಿಟ್ಟನ್ನು ಬಿಡಿಸಿ ನೋಡಲೂ ಇಲ್ಲ.

"ಮಸಾಜ್ ಮಾಡೋಕೆ ಇನ್ನೂ ಎರಡು ವರ್ಷ ಓದಬೇಕಾ?" ಅಂತ ಚಿಕ್ಕಮ್ಮ ಕೇಳಿದರು. ಉತ್ತರ ಕೊಡಲಿಲ್ಲ. ಯಾವ ವಿಭಾಗ ಅನ್ನುವುದನ್ನೂ ಯೋಚಿಸುತ್ತಿದ್ದೇನೆ. ಜೊತೆಯವರೆಲ್ಲ ಸ್ಪೋರ್ಟ್ಸ್ ಅನ್ನುತ್ತಾರೆ. ನನಗೆ ಕಮ್ಯುನಿಟಿ, ಅಂದರೆ ಊರಿನ ಜನರ ನಡುವೆ ಮಾಡುವ ಫಿಸಿಯೋಥೆರಪಿ, ಮೇಲೆ ಮನಸ್ಸು. ತೋಟದ ಹೆಂಗಸರು ಸೊಂಟ ನೋವು ಅಂತ ಒಂದು ದಿನ ಬಂದು "ಕರೆಂಟ್ ಕೊಡಿ ಮೇಡಂ" ಅನ್ನುತ್ತಾರೆ, ಅಂದರೆ ನೋವಿಗೆ ಮೆಷಿನ್ನಿನಿಂದ ಕೊಡುವ ವಿದ್ಯುತ್ ಚಿಕಿತ್ಸೆ. ಮತ್ತೆ ಬರುವುದಿಲ್ಲ, ಬಂದರೆ ಆ ದಿನದ ಕೂಲಿ ಹೋಯಿತು. ಅಂಥವರಿಗೆ ಮೆಷಿನ್ನಿಗಿಂತ ಕೊಡೆ ಹಿಡಿಸುವುದನ್ನು ನಾನು ಸರಿಯಾಗಿ ಕಲಿಯಬೇಕು.

ಹೋದ ವಾರ ಊರಿಗೆ ಹೋದಾಗ ಅಳೆದೆ. 40 ಡಿಗ್ರಿ. ನಾನು ಬರೆದುಕೊಳ್ಳುವ ಮೊದಲೇ ಅಪ್ಪ ಒಂದು ಹಳೇ ಚೆಕ್‌ರೋಲ್ ಪುಸ್ತಕ ತಂದರು. ಆಳುಗಳ ಹೆಸರು ಬರೆಯುವ ಜಾಗದಲ್ಲಿ "ಎಡ ಭುಜ" ಅಂತ ಬರೆದು, ದಿನಕ್ಕೊಂದು ಹಾಜರಿ ಹಾಕಿದ್ದಾರೆ. ಎರಡು ಹೊತ್ತೂ ವ್ಯಾಯಾಮ ಮಾಡಿದ ದಿನ ಒಂದು, ಒಂದೇ ಹೊತ್ತು ಮಾಡಿದ ದಿನ ಅರ್ಧ. ಸಂತೆ ದಿನಗಳಿಗೆಲ್ಲ ಗೈರು. ಕೇಳಿದ್ದಕ್ಕೆ, "ಸಂತೆ ದಿನ ಯಾವ ಆಳು ಬರ್ತಾನೆ ಪುಟ್ಟಿ?" ಅಂದರು.