ಕೈಯ ನರ ಮತ್ತೆ ಬೆಳೆಯುತ್ತದೆ, ಬೆನ್ನುಹುರಿಯದ್ದು ಯಾಕೆ ಬೆಳೆಯಲ್ಲ?

ನಾನು ಫಿಸಿಯೊಥೆರಪಿಸ್ಟ್. ಈ ಪ್ರಶ್ನೆಯನ್ನು ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ. ಹೋದ ವರ್ಷ ಕೇಳಿದವರು ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರೊಬ್ಬರ ಹೆಂಡತಿ. ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಕೂತಿದ್ದ. ಕಿಟಕಿ ಗಾಜು ಕೊಯ್ದು ಮೊಣಕೈ ಕೆಳಗೆ ನರ ತುಂಡಾಗಿತ್ತು, ಆಪರೇಷನ್ ಮಾಡಿ ಹೊಲಿದಿದ್ದರು. ನಾನು ಅವನ ಮಣಿಕಟ್ಟಿನಿಂದ ಶುರು ಮಾಡಿ ನನ್ನ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಮೇಲಕ್ಕೆ ಬರುತ್ತಿದ್ದೆ. ಒಂದು ಕಡೆ ಬಂದಾಗ "ಅಲ್ಲೇ ಮೇಡಂ, ಕಿರುಬೆರಳಿಗೆ ಕರೆಂಟ್ ಹೊಡೆದಂಗಾಯ್ತು" ಅಂದ. ಅಲ್ಲಿ ಪೆನ್ನಿನಿಂದ ಗೀಟು ಎಳೆದು ಟೇಪ್ ಹಿಡಿದೆ. ಹಿಂದಿನ ತಿಂಗಳ ಗೀಟಿಗಿಂತ ಸುಮಾರು 3 ಸೆಂಟಿಮೀಟರ್ ಕೆಳಗಿತ್ತು. ಅಂದರೆ ಹೊಸ ನರತಂತುಗಳ (ನರಕೋಶದಿಂದ ಹೊರಡುವ ಉದ್ದನೆಯ ಎಳೆಗಳ) ತುದಿ ಅಲ್ಲಿಯವರೆಗೆ ಬಂದಿದೆ. ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್.

ಆಕೆ ಇದನ್ನೆಲ್ಲ ನೋಡುತ್ತಿದ್ದರು. "ಈ ಹುಡುಗನ ನರ ಬೆಳೀತಿದೆ ಅಂತೀರಿ. ನಮ್ಮನೆಯವರ ಬೆನ್ನಿಂದು ಮಾತ್ರ ಯಾಕೆ ಬೆಳೆಯಲ್ಲ ಮೇಡಂ?"

ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದೆ. ಅದು ಸಾಲದು ಅನ್ನಿಸಿದ್ದಕ್ಕೆ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನರಕೋಶ ಒಂಟಿಯಾಗಿ ಬೆಳೆಯುವುದಿಲ್ಲ. ಅವರ ತೋಟದಲ್ಲೇ ಇರುವ ಮೆಣಸಿನ ಬಳ್ಳಿ ನೋಡಿ. ಬೇರು ಎಷ್ಟೇ ಚೆನ್ನಾಗಿದ್ದರೂ ಹಬ್ಬಲು ಮರ ಬೇಕು, ಬುಡಕ್ಕೆ ಗೊಬ್ಬರ ಬೇಕು. ನರಕ್ಕೆ ಆ ಮರವೂ ಗೊಬ್ಬರವೂ ಸಿಗುವುದು ಅಕ್ಕಪಕ್ಕದ ಸಹಾಯಕ ಕೋಶಗಳಿಂದ ಮತ್ತು ತಂತು ಹೋಗಿ ಸೇರುವ ಜಾಗದಿಂದ.

ಕೈಯಲ್ಲಿ ಆ ಕೆಲಸ ಶ್ವಾನ್ ಕೋಶಗಳದ್ದು. ಮಾಮೂಲಿ ದಿನಗಳಲ್ಲಿ ಇವು ನರತಂತುವಿಗೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಸುತ್ತಿಕೊಂಡು ಇರುತ್ತವೆ. ನರ ತುಂಡಾದಾಗ ಗಾಯದಿಂದ ಆಚೆಗಿನ ತಂತು ಸಾಯುತ್ತದೆ, ಆದರೆ ಶ್ವಾನ್ ಕೋಶಗಳು ಸಾಯುವುದಿಲ್ಲ. ಹೊದಿಕೆ ಕಟ್ಟುವ ಕೆಲಸ ಬಿಟ್ಟು, ತಮ್ಮ ಸಂಖ್ಯೆ ಜಾಸ್ತಿ ಮಾಡಿಕೊಂಡು, ರಕ್ತದಿಂದ ಬರುವ ಕಸ ತಿನ್ನುವ ಕೋಶಗಳ ಜೊತೆ ಸೇರಿ ಹಳೇ ಮೈಲಿನ್ನನ್ನೆಲ್ಲ ಗುಡಿಸಿ ಹಾಕಿ, ಹಳೇ ಕೊಳವೆಯೊಳಗೆ ಸಾಲಾಗಿ ನಿಲ್ಲುತ್ತವೆ. ನಿಂತು ಗ್ರೋತ್ ಫ್ಯಾಕ್ಟರ್‌ಗಳನ್ನು, ಅಂದರೆ ನರವನ್ನು ಬದುಕಿಸಿ ಬೆಳೆಸುವ ಪ್ರೋಟೀನುಗಳನ್ನು ಬಿಡುತ್ತವೆ. ಆ ಸಾಲು ಹಿಡಿದೇ ಹುಡುಗನ ನರ ಕೆಳಗಿಳಿಯುತ್ತಿದ್ದದ್ದು.

ಇಂಥ ಪ್ರೋಟೀನು ಇದೆ ಅಂತ ಜಗತ್ತಿಗೆ ಗೊತ್ತಾದ ಕಥೆಯನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗುವುದಿಲ್ಲ. ಇಟಲಿಯ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಯಹೂದಿ. 1938ರ ಜನಾಂಗ ಕಾನೂನಿನಿಂದ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಆಕೆ ಟ್ಯೂರಿನ್‌ನ ಮನೆಯಲ್ಲಿ, ತಾನು ಮಲಗುವ ಕೋಣೆಯಲ್ಲೇ ಲ್ಯಾಬ್ ಮಾಡಿಕೊಂಡರು. ಹೊಲಿಗೆ ಸೂಜಿ ಮಸೆದು ಉಪಕರಣ ಮಾಡಿಕೊಂಡರು. ಅಲ್ಲಿ ಆಕೆ ಕಂಡದ್ದು ಇದು: ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಕಾಲು ಮೂಡುವ ಮೊಳಕೆಯನ್ನು ತೆಗೆದುಬಿಟ್ಟರೆ, ಆ ಕಾಲಿಗೆ ಹೋಗಬೇಕಿದ್ದ ನರಕೋಶಗಳು ಹುಟ್ಟುತ್ತವೆ, ಹೊರಡುತ್ತವೆ, ಆಮೇಲೆ ಸಾಯುತ್ತವೆ. ಹುಟ್ಟದೇ ಇರುವುದಲ್ಲ, ಹುಟ್ಟಿ ಸಾಯುವುದು. ಇದು ದೊಡ್ಡ ಸುಳಿವು. ಆರೋಗ್ಯವಾಗಿರುವ ಭ್ರೂಣದಲ್ಲೂ ಸ್ನಾಯುಗಳಿಗೆ ಹೋಗುವ ನರಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟಿ, ಸುಮಾರು ಅರ್ಧದಷ್ಟು ಸಾಯುತ್ತವೆ. ಸೇರಬೇಕಾದ ಜಾಗದಿಂದ ಸಾಕಷ್ಟು ಪೋಷಣೆ ಸಿಕ್ಕವು ಉಳಿಯುತ್ತವೆ.

ಯುದ್ಧ ಮುಗಿದ ಮೇಲೆ ಆಕೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. 1952ರಲ್ಲಿ ಇಲಿಯ ಕ್ಯಾನ್ಸರ್ ಗೆಡ್ಡೆಯೊಂದನ್ನು ಬ್ರೆಜಿಲ್‌ಗೆ ಒಯ್ದು, ಅದರ ಚೂರನ್ನು ಗಾಜಿನ ತಟ್ಟೆಯಲ್ಲಿ ಕೋಳಿ ಭ್ರೂಣದ ನರಗಂಟಿನ (ನರಕೋಶಗಳ ಗುಂಪಿನ) ಪಕ್ಕ ಇಟ್ಟರು. ಒಂದೇ ದಿನದಲ್ಲಿ ನರಗಂಟಿನ ಸುತ್ತ ಸೂರ್ಯನ ಕಿರಣಗಳ ಹಾಗೆ ತಂತುಗಳು ಹೊರಟಿದ್ದವು. ಗೆಡ್ಡೆ ಏನೋ ಬಿಡುತ್ತಿದೆ! ಅದೇನು ಅಂತ ಹುಡುಕಲು ಜೀವರಸಾಯನ ವಿಜ್ಞಾನಿ ಸ್ಟಾನ್ಲಿ ಕೋಹೆನ್ ಜೊತೆಯಾದರು. ಪರೀಕ್ಷೆಗೆಂದು ಹಾವಿನ ವಿಷ ಬೆರೆಸಿ ನೋಡಿದರೆ, ವಿಷದಲ್ಲೇ ಆ ವಸ್ತು ಇನ್ನೂ ಜಾಸ್ತಿ ಇತ್ತು. ಆಮೇಲೆ ಇಲಿಯ ಜೊಲ್ಲಿನ ಗ್ರಂಥಿಯಲ್ಲಿ ಸಿಕ್ಕಿತು. ಅದೇ ನರ್ವ್ ಗ್ರೋತ್ ಫ್ಯಾಕ್ಟರ್, ಎನ್‌ಜಿಎಫ್. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದು ಎಲ್ಲ ನರಕ್ಕೂ ಸಲ್ಲುವುದಲ್ಲ. ಮುಖ್ಯವಾಗಿ ನೋವು, ಬಿಸಿ ತಿಳಿಸುವ ನರಗಳಿಗೆ ಇದು ಬೇಕು. ಸ್ನಾಯು ಆಡಿಸುವ ನರಗಳಿಗೆ ಬೇರೆ ಪ್ರೋಟೀನುಗಳಿವೆ.

ಈಗ ಬೆನ್ನುಹುರಿಗೆ ಬನ್ನಿ. ಅಲ್ಲಿ ಶ್ವಾನ್ ಕೋಶಗಳಿಲ್ಲ. ಮೈಲಿನ್ ಕಟ್ಟುವುದು ಆಲಿಗೊಡೆಂಡ್ರೊಸೈಟ್ ಅನ್ನುವ ಬೇರೆ ಜಾತಿಯ ಕೋಶ. ಪೆಟ್ಟಾದಾಗ ಅದು ಕೆಲಸ ಬದಲಿಸುವುದಿಲ್ಲ, ಗುಡಿಸುವುದೂ ಇಲ್ಲ. ಹಳೇ ಮೈಲಿನ್ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಅದರಲ್ಲಿ ನೋಗೋ ಅನ್ನುವಂಥ ಪ್ರೋಟೀನುಗಳಿವೆ, ಬೆಳೆಯುವ ತುದಿ ಮುಟ್ಟಿದರೆ ಮುದುಡಿಕೊಳ್ಳುತ್ತದೆ. ಜೊತೆಗೆ ಆಸ್ಟ್ರೊಸೈಟ್ ಅನ್ನುವ ಇನ್ನೊಂದು ಜಾತಿಯ ಸಹಾಯಕ ಕೋಶಗಳು ಗಾಯದ ಸುತ್ತ ಗೋಡೆ ಕಟ್ಟುತ್ತವೆ. ಅದು ಕೆಟ್ಟದ್ದಕ್ಕೇ ಅಂತ ಅಲ್ಲ, ಊತ ಹರಡದ ಹಾಗೆ ತಡೆಯುವುದೂ ಅದೇ ಗೋಡೆ.

ಹಾಗಾದರೆ ಆ ನರಕೋಶಕ್ಕೇ ಶಕ್ತಿ ಇಲ್ಲವಾ? ವಯಸ್ಕರಲ್ಲಿ ಅದರ ಬೆಳೆಯುವ ಹುಮ್ಮಸ್ಸು ಕಮ್ಮಿ, ನಿಜ. ಆದರೆ ಸತ್ತಿಲ್ಲ. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಡೇವಿಡ್ ಮತ್ತು ಆಗ್ವಾಯೊ ಅನ್ನುವ ವಿಜ್ಞಾನಿಗಳು ಇಲಿಗಳಲ್ಲಿ ಕಾಲಿನ ನರದ ತುಂಡನ್ನು ಮೆದುಳಿನ ಬುಡದಿಂದ ಬೆನ್ನುಹುರಿಗೆ ಸೇತುವೆ ಥರ ಜೋಡಿಸಿದರು. 'ಬೆಳೆಯಲ್ಲ' ಅನ್ನಿಸಿಕೊಂಡಿದ್ದ ಕೋಶಗಳ ತಂತುಗಳು ಆ ಸೇತುವೆಯೊಳಗೆ ಸುಮಾರು 30 ಮಿಲಿಮೀಟರ್ ಬೆಳೆದವು. ಸೇತುವೆ ಮುಗಿದು ಮತ್ತೆ ಬೆನ್ನುಹುರಿಗೆ ಇಳಿದ ಮೇಲೆ ಸ್ವಲ್ಪ ದೂರದಲ್ಲೇ ನಿಂತುಬಿಟ್ಟವು. ಕೋಶ ಅದೇ, ನೆಲ ಬೇರೆ.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಆ ಎನ್‌ಜಿಎಫ್ ಇಂಜೆಕ್ಷನ್ ಕೊಟ್ಟುಬಿಡಿ! ಹಾಗೆ ಕೊಟ್ಟರೆ ಮೊದಲು ಬರುವುದು ನೋವು. ಇನ್ನೊಂದು ತೊಂದರೆಯೂ ಇದೆ. ಪ್ರಾಣಿಗಳಲ್ಲಿ ಒಂದೇ ಜಾಗಕ್ಕೆ ಗ್ರೋತ್ ಫ್ಯಾಕ್ಟರ್ ಕೊಟ್ಟಾಗ ತಂತುಗಳು ಅಲ್ಲಿಗೆ ಬಂದು ಅಲ್ಲೇ ಸುತ್ತಿಕೊಂಡು ಉಳಿಯುತ್ತವೆ, ಮುಂದೆ ಹೋಗುವುದಿಲ್ಲ. ಇನ್ನು ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜಾತಿಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ. ಅದರ ಚಿಕಿತ್ಸೆಯ ಜಾಹೀರಾತು ನೋಡಿ ತೋಟ ಮಾರಲು ಹೊರಟವರು ನನ್ನ ಹತ್ತಿರ ಬಂದಿದ್ದಾರೆ. ದಯವಿಟ್ಟು ಕೇಳಿ: ನಮ್ಮ ದೇಶದ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಅದನ್ನು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ದುಡ್ಡು ತೆಗೆದುಕೊಂಡು ಚಿಕಿತ್ಸೆ ಅಂತ ಮಾರುವ ಹಾಗಿಲ್ಲ.

ಕೈ ನರದವರಿಗೂ ಒಂದು ಮಾತು. ಶ್ವಾನ್ ಕೋಶಗಳು ಸುಮ್ನೆ ವರ್ಷಗಟ್ಟಲೆ ಕಾಯುವುದಿಲ್ಲ, ನರವಿಲ್ಲದ ಸ್ನಾಯುವೂ ಒಂದು, ಒಂದೂವರೆ ವರ್ಷದ ಮೇಲೆ ಕೈಬಿಡುತ್ತಾ ಬರುತ್ತದೆ. ಕೊಯ್ದ ಗಾಯದ ಆಚೆ ಬೆರಳು ಮರಗಟ್ಟಿದ್ದರೆ ಬರೀ ಚರ್ಮಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗಬೇಡಿ.

ಆಕೆ ಕೊನೆಗೆ ಕೇಳಿದ್ದು, "ಹಾಗಾದ್ರೆ ಈಗ ನಾವೇನು ಮಾಡೋದು?" ಅವರ ಯಜಮಾನರ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ. ಉಳಿದ ತಂತುಗಳು ಪಕ್ಕದಲ್ಲಿ ಸಣ್ಣ ಕವಲು ಹೊಡೆದು ಹೊಸ ಜೋಡಣೆ ಮಾಡಿಕೊಳ್ಳಬಲ್ಲವು, ಅದಕ್ಕೆ ದಿನಾ ಅಭ್ಯಾಸ ಬೇಕು. ಹಾಗಾಗಿ ನಾವು ಅವತ್ತೇ ಬಲಗಾಲಿನ ಹೆಬ್ಬೆರಳಿನಿಂದ ಶುರು ಮಾಡಿದೆವು. ಅದು ಸ್ವಲ್ಪ ಅಲ್ಲಾಡುತ್ತಿತ್ತು.