ಕೆಂಪು ಬರಲಿ ಅಂತ ನಿಂತ ಅಜ್ಜಿ

ಮಂಗಳವಾರ ಸಂಜೆಯಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಕೆಂಪು ಬರ್ಲಿ ಅಂತ ನಿಂತೀನಪ್ಪಾ."

ಭಾನುವಾರ ರಾತ್ರಿ ದಾವಣಗೆರೆಯಲ್ಲಿ ಸಿಡಿಲು ಮಳೆ ಬಂತಲ್ವಾ, ಅವತ್ತೇ ನಮ್ಮ ಸರ್ಕಲ್ಲಿನ ಸಿಗ್ನಲ್ ಹೋಯ್ತು. ಸೋಮವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ನಾಲ್ಕೂ ಕಂಬ ಕಪ್ಪಗಿದ್ದವು. ಹಳದಿ ಕೂಡ ಮಿಣುಕುತ್ತಿರಲಿಲ್ಲ. ಹದಡಿ ರಸ್ತೆಗೆ ಸೇರುವ ಈ ಸರ್ಕಲ್ಲಿನಲ್ಲಿ ನನ್ನ ಜೆರಾಕ್ಸ್ ಅಂಗಡಿ ಶುರುವಾಗಿ 14 ವರ್ಷ ಆಯ್ತು. ಕಾಲೇಜು ಹುಡುಗರ ನೋಟ್ಸ್, ಆಧಾರ್ ಕಾಪಿ, ಅರ್ಜಿ ಫಾರಂ, ಇದೇ ಕೆಲಸ. ಕೌಂಟರಿನಲ್ಲಿ ನಿಂತರೆ ಎದುರಿಗೆ ಕಾಣೋದು ಅದೇ ಸಿಗ್ನಲ್. ನಾನು ಅಂಗಡಿ ಹಾಕುವ ಮೊದಲೇ ಅದು ಅಲ್ಲಿತ್ತು.

ಮಂಗಳವಾರ ಐದೂವರೆ ಇರಬೇಕು. ಒಬ್ಬರು ಅಜ್ಜಿ ಫುಟ್‌ಪಾತಿನ ಅಂಚಿನಲ್ಲಿ ನಿಂತಿದ್ದರು. ಕೈಯಲ್ಲಿ ಮಂಡಕ್ಕಿ ತುಂಬಿದ ಬಟ್ಟೆ ಚೀಲ. ಯಾರಿಗೋ ಕಾಯ್ತಿದ್ದಾರೆ ಅಂದುಕೊಂಡೆ. ಒಬ್ಬ ಹುಡುಗನ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಜೆರಾಕ್ಸ್ ಆಯ್ತು, ಸ್ಪೈರಲ್ ಬೈಂಡಿಂಗೂ ಆಯ್ತು. ತಲೆ ಎತ್ತಿ ನೋಡಿದರೆ ಅಜ್ಜಿ ಇನ್ನೂ ಅಲ್ಲೇ. ಇಪ್ಪತ್ತು ನಿಮಿಷ ಆಗಿತ್ತು. ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಿತ್ತು, ಅಷ್ಟೇ.

ಹೋಗಿ ಕೇಳಿದೆ. "ಯಾಕಜ್ಜಿ, ಯಾರಾದರೂ ಬರಬೇಕಾ?"

"ಇಲ್ಲಪ್ಪಾ. ಕೆಂಪು ಬರ್ಲಿ ಅಂತ ನಿಂತೀನಪ್ಪಾ. ನಾಲ್ಕೂ ಕಡೆ ಕೆಂಪು ಬಂದಾಗ ದಾಟಬೇಕು ಅಂತ ನಮ್ಮ ಹುಡುಗಿ ಹೇಳ್ಕೊಟ್ಟಾಳೆ."

"ಲೈಟ್ ಕೆಟ್ಟೋಗಿದೆ ಅಜ್ಜಿ. ಎರಡು ದಿನ ಆಯ್ತು."

"ಕೆಟ್ಟೈತಾ?" ಅಂದು ಕಂಬದ ಕಡೆ ಒಂದು ಸಲ ನೋಡಿದರು. "ನಾನು ಈಗ ಬರ್ತತಿ, ಆಗ ಬರ್ತತಿ ಅಂತ ನೋಡ್ತಾನೇ ಇದ್ದೆ."

ಕೈ ಹಿಡಿದು ದಾಟಿಸಿದೆ. ಆಚೆ ಹೋದ ಮೇಲೆ ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ನನ್ನ ಕೈಗೆ ಹಾಕಿ ಹೊರಟರು. ನಾನು ಅಂಗಡಿಗೆ ವಾಪಸ್ ಬಂದು ಆ ಮಂಡಕ್ಕಿ ಹಾಗೇ ಹಿಡಿದುಕೊಂಡು ಕೂತೆ.

ಇಪ್ಪತ್ತು ನಿಮಿಷದಲ್ಲಿ ಆ ಸರ್ಕಲ್ ದಾಟಿ ಎಷ್ಟು ಗಾಡಿ ಹೋಗಿರಬೇಕು! ಎಪಿಎಂಸಿ ಕಡೆ ಹೋಗುವ ಮೆಕ್ಕೆಜೋಳದ ಲಾರಿಗಳು, ಆಟೋಗಳು, ಸಿಟಿ ಬಸ್ಸು, ಟ್ಯೂಷನ್ನಿಗೆ ಓಡುವ ಮಕ್ಕಳ ಸ್ಕೂಟಿಗಳು. ಸಿಗ್ನಲ್ ಇಲ್ಲದಿದ್ದರೂ ಎಲ್ಲರೂ ಹೋದರು. ಲಾರಿ ಮುಂದೆ ಬಂದರೆ ಕಾರು ನಿಲ್ಲುತ್ತೆ, ಕಾರು ನುಗ್ಗಿದರೆ ಬೈಕು ನಿಲ್ಲುತ್ತೆ, ಬೈಕು ಬಂದರೆ ನಡೆಯೋರು ಹಿಂದೆ ಸರೀತಾರೆ. ಎಲ್ಲರಿಗಿಂತ ಕೊನೆಗೆ ಆ ಅಜ್ಜಿ. ಪಕ್ಕದ ಬೇಕರಿಯವರು ಸೋಮವಾರವೇ ನನಗೆ ಹೇಳಿದ್ದರು, "ನೋಡಿ, ಲೈಟ್ ಇಲ್ಲದಿದ್ರೇ ಟ್ರಾಫಿಕ್ ಬೇಗ ಕ್ಲಿಯರ್ ಆಗುತ್ತೆ." ಒಳ್ಳೆ ಮನುಷ್ಯ, ಹತ್ತು ವರ್ಷದ ಪರಿಚಯ, ಕಷ್ಟಕ್ಕೆ ಆಗುವವರು. ಆದರೆ ಅವರ ಈ ಮಾತು ನನಗೆ ಹಿಡಿಸಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಹೋದವರು. ನಿಂತವರು ಬೀಳಲಿಲ್ಲ.

ಮಂಗಳವಾರವೇ ಒಂದು ಕಚೇರಿಗೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು, ಇನ್ನೊಂದು ಕಚೇರಿಯ ನಂಬರ್ ಕೊಟ್ಟರು. ಅಲ್ಲಿಂದ ಮೂರನೆಯದು. ಯಾರ ಮೇಲೂ ಸಿಟ್ಟು ಬರಲಿಲ್ಲ, ಯಾಕಂದ್ರೆ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಂಬ ಒಬ್ಬರದು, ಕರೆಂಟ್ ಇನ್ನೊಬ್ಬರದು, ಎಷ್ಟು ಸೆಕೆಂಡ್ ಹಸಿರು ಕೊಡಬೇಕು ಅಂತ ಹೇಳೋರು ಮತ್ತೊಬ್ಬರು. ರಸ್ತೆ ಅಗೆಯುವಾಗ ನೆಲದೊಳಗಿನ ಕೇಬಲ್ ಕತ್ತರಿಸುವವರು ಇವರು ಯಾರೂ ಅಲ್ಲ. ಹೊಸ ಸಿಗ್ನಲ್ ಹಾಕುವ ದಿನ ಎಲ್ಲರೂ ಬಂದು ನಿಲ್ಲುತ್ತಾರೆ. ಹದಿನೈದು ವರ್ಷ ಆದಮೇಲೆ ಅದು ಯಾರ ಮಗು ಅಂತ ಹುಡುಕಬೇಕು.

ಬುಧವಾರ ಮಧ್ಯಾಹ್ನ ಮೆಕ್ಯಾನಿಕ್ ಬಂದರು. ಗುತ್ತಿಗೆ ಕೆಲಸದವರು, ಮೂವತ್ತೈದರ ಆಸುಪಾಸು. ಹಿಂದೆ ಏಣಿ ಹೊತ್ತ ಒಬ್ಬ ಹುಡುಗ. ಹರಿಹರದ್ದು, ಚಿತ್ರದುರ್ಗದ ಕಡೆಯದ್ದು ಕೂಡ ಅವರೇ ನೋಡಬೇಕಂತೆ. ಕಂಬದ ಪಕ್ಕ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರ ಮೇಲೆ ಪಿಜಿ, ಟ್ಯೂಷನ್, ಮೂಲವ್ಯಾಧಿ ಚಿಕಿತ್ಸೆ, ಎಲ್ಲಾ ಚೀಟಿ ಅಂಟಿಸಿದ್ದಾರೆ. 14 ವರ್ಷದಲ್ಲಿ ಅದರ ಒಳಗೆ ಏನಿದೆ ಅಂತ ನಾನು ನೋಡಿರಲಿಲ್ಲ.

ಬಾಗಿಲು ತೆಗೆದ ಕೂಡಲೇ ಮೊದಲು ಕಂಡಿದ್ದು ವಿಭೂತಿ. ಒಳಬಾಗಿಲಿಗೆ ಮೂರು ಗೆರೆ, ನಡುವೆ ಕುಂಕುಮದ ಬೊಟ್ಟು. "ಆಯುಧ ಪೂಜೆದು ಅಣ್ಣಾ. ಎಲ್ಲಾ ಪೆಟ್ಟಿಗೆಗೂ ಹಚ್ತೀನಿ," ಅಂದರು. ಕೆಳಗೆ ಇರುವೆ ಮಣ್ಣಿನ ಗುಡ್ಡೆ, ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ, ವೈರುಗಳ ಮೇಲೆ ದಪ್ಪ ಧೂಳು. ಸಾಲಾಗಿ ನಿಂತ ಎಲೆಕ್ಟ್ರಾನಿಕ್ ಕಾರ್ಡುಗಳಲ್ಲಿ ಒಂದನ್ನು ಎಳೆದು ಮೂಗಿನ ಹತ್ತಿರ ಹಿಡಿದರು. ನನಗೂ ಕೊಟ್ಟರು. ಸುಟ್ಟ ವಾಸನೆ. ಸಿಡಿಲಿನ ಹೊಡೆತಕ್ಕೆ ಲೈನಿನಲ್ಲಿ ಕರೆಂಟ್ ಏರಿ ಹೋದದ್ದು.

"ಈ ಕಾರ್ಡು ಈಗ ಯಾರೂ ಮಾಡಲ್ಲ ಅಣ್ಣಾ. ಬೇರೆ ಊರಲ್ಲಿ ಕಿತ್ತು ಹಾಕಿದ ಸಿಗ್ನಲ್‌ದು ಒಂದು ಇಟ್ಕೊಂಡಿದ್ದೆ. ಇದೇ ಕೊನೇದು. ಇದೂ ಹೋದ್ರೆ ಪೂರ್ತಿ ಪೆಟ್ಟಿಗೇನೇ ಬದಲಾಯಿಸಬೇಕು." ಬ್ಯಾಗಿನಿಂದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಕಾರ್ಡು ತೆಗೆದರು. ಅದರ ಅಂಚಿನ ಹಿತ್ತಾಳೆ ಬಣ್ಣದ ಪಟ್ಟಿಗಳು ಕಪ್ಪಾಗಿದ್ದವು. "ನಿಮ್ಮ ಅಂಗಡಿಲಿ ಪೆನ್ಸಿಲ್ ರಬ್ಬರ್ ಇದ್ಯಾ?" ಹೊಸದೊಂದು ತಂದುಕೊಟ್ಟೆ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಪಟ್ಟಿಯನ್ನು ಉಜ್ಜಿದರು. ಮಕ್ಕಳು ತಪ್ಪು ಬರೆದದ್ದನ್ನು ಅಳಿಸುವ ಹಾಗೆ, ಹಗುರವಾಗಿ, ಒಂದೇ ದಿಕ್ಕಿನಲ್ಲಿ. ಕಪ್ಪು ಹೋಗಿ ಹೊಳಪು ಬಂತು. ಪಕ್ಕದಲ್ಲೇ ಲಾರಿ ಹೋಗ್ತಿತ್ತು, ಹಾರನ್ ಹೊಡೀತಿತ್ತು, ಅವರು ಕಣ್ಣೆತ್ತಲಿಲ್ಲ. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನೋಡಿ ಬಹಳ ದಿನ ಆಗಿತ್ತು.

ನಾನು ಅಜ್ಜಿಯ ವಿಷಯ ಹೇಳಿದೆ. ಉಜ್ಜೋದು ನಿಲ್ಲಿಸಿದರು. "ಅದೇ ಅಣ್ಣಾ ತಪ್ಪಾಗಿದ್ದು. ಕೆಟ್ಟಾಗ ಇದು ಹಳದಿ ಮಿಣುಕಿಸಬೇಕಿತ್ತು. ಆಗ ಜನಕ್ಕೆ ಗೊತ್ತಾಗುತ್ತೆ, ಇವತ್ತು ಇದನ್ನ ನಂಬಬಾರದು ಅಂತ. ಒಂದಕ್ಕೊಂದು ಅಡ್ಡ ಬರೋ ರಸ್ತೆಗಳಿಗೆ ಒಂದೇ ಸಲ ಹಸಿರು ಬಂದ್ರೂ ಅಷ್ಟೇ, ತಾನೇ ಗುರುತಿಸಿ ಹಳದಿಗೆ ಹೋಗೋ ವ್ಯವಸ್ಥೆ ಇದರೊಳಗೆ ಇರುತ್ತೆ. ಕೆಡೋದಾದ್ರೂ ಸರಿಯಾಗಿ ಕೆಡಬೇಕು."

ಈ ಮಾತು ನಾನು ಚಿಕ್ಕವನಿದ್ದಾಗಲೇ ಕೇಳಿದ್ದೆ. ನಮ್ಮಪ್ಪ ರೈಲ್ವೆಯಲ್ಲಿದ್ದರು, ಕೈಮರ, ಅಂದ್ರೆ ಕೈ ಥರದ ಪಟ್ಟಿ ಇರುವ ಹಳೇ ಸಿಗ್ನಲ್ ಕಂಬ, ನೋಡಿಕೊಳ್ಳುವ ಕೆಲಸ. ಆಗ ಕೈಮರಕ್ಕೆ ಸೀಮೆಎಣ್ಣೆ ದೀಪ. ಸಂಜೆ ಏಣಿ ಹತ್ತಿ ಗಾಜು ಒರೆಸಿ, ಬತ್ತಿ ಸರಿಮಾಡಿ ಇಳಿಯಬೇಕು. ಕ್ಯಾಬಿನ್ನಿನಿಂದ ಕೈಮರದವರೆಗೆ ತಂತಿ ಎಳೆದಿರುತ್ತೆ. ತಂತಿ ಎಳೆದರೆ ಕೈ ಬಾಗುತ್ತೆ, ಗಾಡಿ ಹೋಗಬಹುದು. "ತಂತಿ ಹರಿದ್ರೆ ಏನಪ್ಪಾ ಮಾಡ್ತಾರೆ?" ಅಂತ ನಾನು ಕೇಳಿದ್ದೆ. "ಹರಿದ್ರೆ ಕೈ ತಾನೇ ಅಡ್ಡ ಬಂದು ನಿಲ್ತತಿ. ಅದಕ್ಕೇ ಅಲ್ಲಿ ತೂಕ ಕಟ್ಟಿರೋದು," ಅಂದಿದ್ದರು. ಕೆಟ್ಟರೆ ರೈಲು ನಿಲ್ಲುತ್ತೆ, ಗುದ್ದುವುದಿಲ್ಲ. ಅಪ್ಪನಿಗೆ ಆ ತೂಕದ ಬಗ್ಗೆ ಬಹಳ ಹೆಮ್ಮೆ ಇತ್ತು. ನಾನು ಮಾತ್ರ ಅದನ್ನು ಮರೆತೇಬಿಟ್ಟಿದ್ದೆ.

ರಸ್ತೆ ಸಿಗ್ನಲ್ ಹುಟ್ಟಿದ್ದೂ ರೈಲಿನವರ ಕೈಯಲ್ಲೇ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಹತ್ತಿರ ಮೊದಲನೆಯದನ್ನು ನಿಲ್ಲಿಸಿದರು. ಯೋಚನೆ ಜೆ.ಪಿ. ನೈಟ್ ಅನ್ನುವ ರೈಲ್ವೆ ಎಂಜಿನಿಯರದು. ನಮ್ಮ ಕೈಮರದ ಥರವೇ ಕೈಗಳು, ರಾತ್ರಿಗೆ ಕೆಂಪು ಹಸಿರು ಗ್ಯಾಸ್ ದೀಪ. ಕುದುರೆ ಗಾಡಿಗಳ ಕಾಲ ಅದು. ನಡೆದು ಹೋಗೋರು ಕ್ಷೇಮವಾಗಿ ದಾಟಲಿ ಅಂತಲೇ ಹಾಕಿದ್ದು. ಮರುತಿಂಗಳೇ ಗ್ಯಾಸ್ ಸೋರಿ ಸಿಡಿಯಿತು, ಅದನ್ನು ತಿರುಗಿಸುತ್ತಿದ್ದ ಪೊಲೀಸಿಗೆ ಸುಟ್ಟ ಗಾಯ ಆಯ್ತು. ಜಗತ್ತಿನ ಮೊದಲ ಸಿಗ್ನಲ್ಲಿಗೇ ಒಂದು ಪೈಪ್ ನೋಡಿಕೊಳ್ಳೋರು ಸಾಲದೆ ಹೋಯ್ತಲ್ಲ ಅಂತ ನನಗೆ ಅನ್ನಿಸುತ್ತೆ.

ಮೆಕ್ಯಾನಿಕ್ ಕಾರ್ಡು ಕೂರಿಸಿ ಏಣಿ ಹತ್ತಿದರು. ಕೆಂಪು ದೀಪದ ಮುಖ ಒರೆಸಿದಾಗ ಬಟ್ಟೆ ಕರಿ ಆಯ್ತು. ಮೊದಲು ಬಲ್ಬ್ ಇತ್ತಂತೆ, ಆಮೇಲೆ ಎಲ್ಇಡಿ. ಬಲ್ಬಿಗಿಂತ ಎಲ್ಇಡಿ ಬಹಳ ಕಡಿಮೆ ಕರೆಂಟ್ ತಿನ್ನುತ್ತೆ, ಹೆಚ್ಚು ದಿನ ಬಾಳುತ್ತೆ. ಆದರೆ ಅವರು ಒಂದು ವಿಷಯ ಹೇಳಿದರು. "ಬಲ್ಬ್ ಹೋದ್ರೆ ಪೂರ್ತಿ ಹೋಗ್ತಿತ್ತು, ಅವತ್ತೇ ಫೋನ್ ಬರ್ತಿತ್ತು. ಇದು ಚುಕ್ಕಿ ಚುಕ್ಕಿ ಸಾಯುತ್ತೆ ಅಣ್ಣಾ. ದಿನಾ ನೋಡೋರಿಗೆ ಗೊತ್ತೇ ಆಗಲ್ಲ." ಕೆಳಗಿನಿಂದ ನೋಡಿದೆ. ಹೌದು, ಕೆಂಪಿನ ಕೆಳಭಾಗದಲ್ಲಿ ಒಂದು ಕಾಲು ಭಾಗ ಕತ್ತಲೆ. ದಿನಾ ಅದರ ಎದುರಿಗೇ ನಿಲ್ಲುವ ನಾನೇ ಕಂಡಿರಲಿಲ್ಲ. ಬಿಸಿಲಿಗೆ ಮುಖದ ಪ್ಲಾಸ್ಟಿಕ್ ಕೂಡ ಮಬ್ಬಾಗಿದೆ. ಮಂಡ್ಯದಿಂದಲೋ ಬೀದರಿನಿಂದಲೋ ಹೊಸದಾಗಿ ಬಂದವರು ಸಂಜೆ ಬಿಸಿಲಲ್ಲಿ ಅದನ್ನು ಹುಡುಕಬೇಕು.

ನಾಲ್ಕು ಗಂಟೆಗೆ ಲೈಟ್ ಬಂತು. ಹಸಿರು, ಹಳದಿ, ಕೆಂಪು. ಟೈಮರೂ ಓಡಿತು. ಅದರ ಬಿಡಿ ಅಂಕಿಯಲ್ಲಿ ಬಲಗಡೆ ಮೇಲಿನ ಗೆರೆ ಸತ್ತುಹೋಗಿದೆ. 10 ಆದಮೇಲೆ 9 ಬರಬೇಕಲ್ವಾ? ಆ ಗೆರೆ ಇಲ್ಲದೆ 9 ಅನ್ನೋದು 5 ಆಗಿ ಕಾಣುತ್ತೆ. ಆಮೇಲಿನ 8 ಅನ್ನೋದು 6. ಐದೇ ಸೆಕೆಂಡ್ ಉಳಿದಿದೆ ಅಂತ ಬೈಕಿನವರು ಗೇರ್ ಹಾಕಿ ಮುಂದಕ್ಕೆ ಜರುಗುತ್ತಾರೆ. ಅದೇ ಹತ್ತು ಸೆಕೆಂಡು ನಾಲ್ಕೂ ಕಡೆ ಕೆಂಪಿಟ್ಟು ನಡೆಯೋರಿಗೆ ಅಂತ ಬಿಟ್ಟ ಸಮಯ. ಬೈಕಿನ ಹುಡುಗರನ್ನು ನಾನು ಇಷ್ಟು ವರ್ಷ ಬೈದಿದ್ದೇನೆ. ಈ ಒಂದು ವಿಷಯದಲ್ಲಿ ತಪ್ಪು ಅವರದಲ್ಲ. ಗೋಡೆಯ ಮೇಲೆ 5 ಅಂತ ಬರೆದಿದ್ದರೆ ಅವರು 5 ಅಂತಲೇ ಓದುತ್ತಾರೆ.

"ಆ ಗೆರೆ ಹಾಕಿಸಬಹುದಾ?" ಅಂದೆ.

"ಡಿಸ್‌ಪ್ಲೇ ಪೂರ್ತಿ ಬದಲಾಯಿಸಬೇಕು. ನಾನು ಬರೆದು ಕೊಟ್ಟೀನಿ. ನೀವೂ ಒಂದು ಅರ್ಜಿ ಕೊಡಿ ಅಣ್ಣಾ. ನಮ್ಮ ಮಾತಿಗಿಂತ ಜನರ ಮಾತಿಗೆ ಬೆಲೆ ಜಾಸ್ತಿ."

"ಹತ್ತು ಸೆಕೆಂಡು ಯಾಕೆ ಹತ್ತೇ?"

ನಡೆಯೋರು ಸೆಕೆಂಡಿಗೆ 1.2 ಮೀಟರ್ ಹೋಗ್ತಾರೆ ಅಂತ ಹಿಡಿದು ಲೆಕ್ಕ ಹಾಕೋದು ರೂಢಿ ಅಂತ ವಿವರಿಸಿದರು. ಇಲ್ಲಿ ರಸ್ತೆ 12 ಮೀಟರ್. ಹಾಗಾಗಿ 10. ಲೆಕ್ಕ ಸರಿ ಇದೆ. ನಾನು ನಡೆದು ನೋಡಿದೆ, ನನಗೆ ಸಾಕಾಯ್ತು, ಒಂದು ಸೆಕೆಂಡ್ ಉಳಿಯಿತು. ಸಮಯ ಹೆಚ್ಚಿಸೋಕೆ ಅವರಿಗೆ ಅಧಿಕಾರ ಇಲ್ಲವಂತೆ, ಅದಕ್ಕೂ ಅರ್ಜಿಯೇ. ಚಹಾ ಕುಡಿಸಿದೆ. ರಬ್ಬರ್ ವಾಪಸ್ ಕೊಡೋಕೆ ಬಂದರು. ಇಟ್ಕೊಳ್ಳಿ ಅಂದೆ. ಹರಿಹರದ ಕಡೆ ಹೊರಟರು.

ಅರ್ಜಿ ನಿನ್ನೆ ರಾತ್ರಿ ಬರೆದೆ. ಎಷ್ಟೋ ಜನರಿಗೆ ಅರ್ಜಿ ಟೈಪ್ ಮಾಡಿಕೊಟ್ಟಿದ್ದೇನೆ, ಆದರೂ ಈ ಒಂದಕ್ಕೆ ಬಹಳ ಹೊತ್ತು ಹಿಡಿಯಿತು. ಅಜ್ಜಿಗೆ ಎಷ್ಟು ಸೆಕೆಂಡ್ ಬೇಕು ಅನ್ನುವ ಜಾಗ ಖಾಲಿ ಬಿಟ್ಟಿದ್ದೆ. ಅಂದಾಜು ಬರೆಯೋಕೆ ಮನಸ್ಸು ಒಪ್ಪಲಿಲ್ಲ.

ಇವತ್ತು ಸಂಜೆ ಅವರು ಬಂದರು. ಅದೇ ಹೊತ್ತು, ಅದೇ ಚೀಲ. ಫುಟ್‌ಪಾತಿನ ಅಂಚಿನಲ್ಲಿ ನಿಂತು ಕಂಬದ ಕಡೆ ತಲೆ ಎತ್ತಿದರು. ಮೊದಲ ಸಲ ಬಿಟ್ಟರು, ಎರಡನೇ ಸಲಕ್ಕೆ ನಾಲ್ಕೂ ಕಡೆ ಕೆಂಪು ಬಂದಾಗ ಸೆರಗು ಸಿಕ್ಕಿಸಿಕೊಂಡು ಇಳಿದರು. ನಾನು ಕೌಂಟರ್ ಬಿಟ್ಟು ಹೊರಗೆ ಬಂದೆ, ಎಣಿಸುತ್ತಾ. ಟೈಮರಿನಲ್ಲಿ 10 ಹೋಗಿ 5 ಬಂತು, ಎಂಜಿನ್‌ಗಳ ಸದ್ದು ಏರಿತು. ಹತ್ತಕ್ಕೆ ಅಜ್ಜಿ ರಸ್ತೆಯ ಅರ್ಧ ತಲುಪಿರಲಿಲ್ಲ. ಹಸಿರು ಬಂತು. ಓಡಿಹೋಗಿ ಅವರ ಪಕ್ಕ ನಿಂತು ಗಾಡಿಗಳ ಕಡೆ ಕೈ ಎತ್ತಿದೆ. ಒಬ್ಬ ಹುಡುಗ ಹಾರನ್ ಒತ್ತಿದ. ಪಕ್ಕದ ಆಟೋದವರು ಅವನಿಗೆ ಏನೋ ಹೇಳಿದರು, ನಿಲ್ಲಿಸಿದ. ಅಜ್ಜಿ ನನ್ನನ್ನು ನೋಡಲಿಲ್ಲ. ಅವರ ಕಣ್ಣೆಲ್ಲಾ ಆಚೆ ಫುಟ್‌ಪಾತಿನ ಮೇಲೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದಕ್ಕೆ ಹತ್ತಿದರು.

ಅಂಗಡಿಗೆ ಬಂದು ಅರ್ಜಿಯ ಖಾಲಿ ಜಾಗದಲ್ಲಿ 21 ಅಂತ ಬರೆದೆ. ಮೂರು ಕಾಪಿ ತೆಗೆದೆ, ಮೂರು ಕಚೇರಿಗೂ.